ನಕ್ಷೆಯಲ್ಲಿ ಕೂರದ ಇಂಗ್ಲಿಷ್ ವಾಕ್ಯಗಳು: ದೋಷ ಹುಡುಕುವ ಕ್ರಮ

ಇಂಗ್ಲಿಷ್ ವಾಕ್ಯವೊಂದರ ಪದಗಳನ್ನು, ಅವುಗಳ ಸಂಬಂಧ ಕಾಣುವಂತೆ, ಗೆರೆಗಳ ಮೇಲೆ ಬಿಡಿಸಿ ನಕ್ಷೆ ಬರೆಯುವಾಗ ಕೆಲಸ ಅರ್ಧದಲ್ಲಿ ನಿಂತುಹೋಗುವ ಬಗೆಗಳು ಹೆಚ್ಚಿಲ್ಲ. ಗೆರೆಯ ಮೇಲೆ ಜಾಗವಿರುತ್ತದೆ, ಅಲ್ಲಿ ಬರೆಯಲು ವಾಕ್ಯದಲ್ಲಿ ಪದವಿರುವುದಿಲ್ಲ. ಇಲ್ಲವೇ ಕೈಯಲ್ಲಿ ಪದ ಉಳಿದಿರುತ್ತದೆ, ಅದಕ್ಕೆ ಜಾಗ ಕಾಣುವುದಿಲ್ಲ. ಅಥವಾ ಎಲ್ಲ ಪದಗಳೂ ಎಲ್ಲೋ ಒಂದು ಕಡೆ ಕೂತಿರುತ್ತವೆ, ಆದರೆ ಬಿಡಿಸಿದ ನಕ್ಷೆಯನ್ನು ತಿರುಗಿ ಓದಿದರೆ ಮೂಲ ವಾಕ್ಯದ ಅರ್ಥ ಹೊರಡುವುದಿಲ್ಲ. ಶಿರಸಿ, ಯಲ್ಲಾಪುರ, ಕುಮಟಾ, ಕಾರವಾರಗಳ ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳಲ್ಲಿ ಇಂಗ್ಲಿಷ್ ವ್ಯಾಕರಣ ಹೇಳುವವರಿಗೂ, ಮನೆಯಲ್ಲಿ ಕುಳಿತು ತಾವೇ ಅಭ್ಯಾಸ ಮಾಡುವವರಿಗೂ ಈ ಮೂರೂ ಪರಿಚಿತವಾಗಿರುತ್ತವೆ. ಹೀಗೆ ನಿಂತ ವಾಕ್ಯಗಳಲ್ಲಿ ಹೆಚ್ಚಿನವುಗಳ ಮೂಲದೋಷ ಎರಡರಲ್ಲಿ ಒಂದು: ವಾಕ್ಯ ಬಿಟ್ಟುಕೊಟ್ಟ ಪದವನ್ನು ನಾವು ತುಂಬಿಲ್ಲ, ಅಥವಾ ಒಂದೇ ಪದದಂತೆ ನಡೆಯುವ ಪದಗುಂಪನ್ನು ನಾವು ಒಡೆದಿದ್ದೇವೆ. ಇವೆರಡರಲ್ಲಿ ಯಾವುದು ಎಂದು ನಿರ್ಣಯಿಸದೆ ಗೆರೆ ಎಳೆಯುತ್ತ ಹೋದರೆ ಪುಟ ತುಂಬುತ್ತದೆಯೇ ಹೊರತು ವಾಕ್ಯ ಅರ್ಥವಾಗುವುದಿಲ್ಲ.

ಗೆರೆಗಳ ಗುರುತು

ಇಲ್ಲಿ ಬಳಸುವ ಪದ್ಧತಿ 1877ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಅಧ್ಯಾಪಕರಾದ ಅಲೊಂಜೊ ರೀಡ್ ಮತ್ತು ಬ್ರೇನರ್ಡ್ ಕೆಲಾಗ್ ಪ್ರಚಾರಕ್ಕೆ ತಂದದ್ದು. ಅದಕ್ಕೂ ಮೊದಲು, 1847ರಲ್ಲಿ, ಸ್ಟೀಫನ್ ಕ್ಲಾರ್ಕ್ ಎಂಬವರು ಪದಗಳನ್ನು ಗುಳ್ಳೆಗಳೊಳಗೆ ಬರೆದು ಒಂದಕ್ಕೊಂದು ಅಂಟಿಸುವ ಕ್ರಮವನ್ನು ತೋರಿಸಿದ್ದರು. ರೀಡ್ ಮತ್ತು ಕೆಲಾಗ್ ಗುಳ್ಳೆಗಳನ್ನು ಕೈಬಿಟ್ಟು ಗೆರೆಗಳನ್ನು ತಂದರು. ಅಡ್ಡಲಾಗಿ ಎಳೆದ ಮೂಲಗೆರೆಯ ಎಡಕ್ಕೆ ಕರ್ತೃ, ಬಲಕ್ಕೆ ಕ್ರಿಯಾಪದ. ನಡುವೆ ಮೂಲಗೆರೆಯನ್ನು ಕತ್ತರಿಸಿ ಕೆಳಗಿಳಿಯುವ ಲಂಬರೇಖೆ. ಕ್ರಿಯಾಪದ ಮತ್ತು ಕರ್ಮದ ನಡುವಿನ ಲಂಬರೇಖೆ ಮೂಲಗೆರೆಯ ಮೇಲೆ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. 'ಈಸ್', 'ಬಿಕೇಮ್' ಮುಂತಾದ ಕ್ರಿಯಾಪದಗಳ ಮುಂದೆ ಕರ್ತೃವನ್ನೇ ವರ್ಣಿಸುವ ಪದ ಬಂದಾಗ ಅಲ್ಲಿನ ಗೆರೆ ಕರ್ತೃವಿನ ಕಡೆಗೆ ಹಿಂದಕ್ಕೆ ಬಾಗಿರುತ್ತದೆ. ವಿಶೇಷಣ, ಕ್ರಿಯಾವಿಶೇಷಣ, ಆರ್ಟಿಕಲ್‌ಗಳು ತಾವು ವರ್ಣಿಸುವ ಪದದ ಕೆಳಗೆ ಓರೆಗೆರೆಗಳ ಮೇಲೆ ಬರುತ್ತವೆ. ಪ್ರಿಪೊಸಿಷನ್ ಓರೆಗೆರೆಯ ಮೇಲೂ ಅದರ ಕರ್ಮ ಆ ಓರೆಗೆ ಹೊಂದಿದ ಅಡ್ಡಗೆರೆಯ ಮೇಲೂ ಬರುತ್ತವೆ. ಉಪವಾಕ್ಯಕ್ಕೆ ತನ್ನದೇ ಮೂಲಗೆರೆಯಿದ್ದು, ಅದನ್ನು ಚುಕ್ಕಿಗೆರೆ ಮುಖ್ಯವಾಕ್ಯಕ್ಕೆ ಕಟ್ಟುತ್ತದೆ. ವಾಕ್ಯದಲ್ಲಿ ಕಾಣದ ಪದವನ್ನು ನಾವು ತುಂಬಿದರೆ ಕಂಸದೊಳಗೆ ಬರೆಯಬೇಕು; ಜಾಗ ಇದೆ, ಆದರೆ ಪದ ಇಂಥದ್ದೇ ಎಂದು ಹೇಳಲಾಗದು ಎಂದಾದರೆ ಗುಣಾಕಾರದ ಗುರುತನ್ನು ಹಾಕಬೇಕು. ಈ ಕೊನೆಯ ವ್ಯತ್ಯಾಸವನ್ನು ಹಲವರು ಕಡೆಗಣಿಸುತ್ತಾರೆ, ಆದರೆ ಮುಂದಿನ ಎಲ್ಲ ನಿರ್ಣಯಗಳೂ ಅದರ ಮೇಲೆಯೇ ನಿಂತಿವೆ.

ದೋಷವೆಂದು ಹೇಳುವ ಮೊದಲು ಪದಗಳ ಕ್ರಮವನ್ನು ನೋಡಬೇಕು. 'ಡೌನ್ ದಿ ದೇವಿಮನೆ ಘಾಟ್ ಕೇಮ್ ಎ ಲಾರಿ' ಎಂಬ ವಾಕ್ಯದಲ್ಲಿ ಏನೂ ಬಿಟ್ಟುಹೋಗಿಲ್ಲ, ಏನೂ ಅಂಟಿಕೊಂಡಿಲ್ಲ. ಕರ್ತೃ ಕೊನೆಗೆ ಹೋಗಿದೆ ಅಷ್ಟೆ. 'ಎ ಲಾರಿ ಕೇಮ್ ಡೌನ್ ದಿ ದೇವಿಮನೆ ಘಾಟ್' ಎಂದು ನೇರ ಮಾಡಿಕೊಂಡರೆ ನಕ್ಷೆ ತಾನಾಗಿ ಬರುತ್ತದೆ. 'ದೇರ್ ಈಸ್ ಎ ಸ್ನೇಕ್ ಇನ್ ದಿ ಗಾರ್ಡನ್' ಎಂಬಲ್ಲಿ 'ದೇರ್' ಕರ್ತೃವಲ್ಲ, ಕರ್ತೃ 'ಸ್ನೇಕ್'. 'ದೇರ್' ಯಾವ ಪದಕ್ಕೂ ತಾಗದ ಪ್ರತ್ಯೇಕ ಗೆರೆಯ ಮೇಲೆ, ಮೂಲಗೆರೆಗಿಂತ ಎತ್ತರದಲ್ಲಿ ನಿಲ್ಲುತ್ತದೆ. ಪ್ರಶ್ನೆಗಳನ್ನೂ ಮೊದಲು ಹೇಳಿಕೆಯ ಕ್ರಮಕ್ಕೆ ತಿರುಗಿಸಿಕೊಳ್ಳಬೇಕು.

ಪದವನ್ನು ಯಾರು ಕೊಡಬೇಕು

ನಮ್ಮ ವ್ಯಾಕರಣ ಪರಂಪರೆಯಲ್ಲಿ ಅಧ್ಯಾಹಾರವೆಂಬ ಮಾತಿದೆ: ವಾಕ್ಯದಲ್ಲಿ ಹೇಳದೆ ಬಿಟ್ಟ ಪದವನ್ನು ಅನ್ವಯಕ್ಕಾಗಿ ತಂದುಕೊಳ್ಳುವುದು. ಇಂಗ್ಲಿಷ್ ನಕ್ಷೆಯಲ್ಲಿ ಕಂಸ ಹಾಕುವುದೂ ಅದೇ ಕೆಲಸ. ಆದರೆ ಇದಕ್ಕೆ ಕಟ್ಟುನಿಟ್ಟು ಬೇಕು. ಗೆರೆಯ ಮೇಲಿನ ಆ ಜಾಗ ತುಂಬದಿದ್ದರೆ ವ್ಯಾಕರಣ ನಿಲ್ಲುವುದೇ ಇಲ್ಲವೇ ಎಂದು ಮೊದಲು ಕೇಳಬೇಕು. ನಿಲ್ಲುವುದಿಲ್ಲವಾದರೆ, ಬೇಕಾದ ಪದವನ್ನು ಆ ವಾಕ್ಯವಾಗಲಿ ಅದರ ಹಿಂದಿನ ವಾಕ್ಯವಾಗಲಿ ಇಂಗ್ಲಿಷಿನ ಸ್ಥಿರವಾದ ನಿಯಮವಾಗಲಿ ಕೊಡುತ್ತದೆಯೇ ಎಂದು ಕೇಳಬೇಕು. ಕೊನೆಗೆ, ಆ ಪದವನ್ನು ಸೇರಿಸಿ ಪೂರ್ತಿ ಓದಿದಾಗ ಅದೇ ಅರ್ಥದ, ಒಪ್ಪುವ ಇಂಗ್ಲಿಷ್ ವಾಕ್ಯ ಬರುತ್ತದೆಯೇ ಎಂದು ನೋಡಬೇಕು. ಈ ಮೂರಕ್ಕೂ ಹೌದು ಎಂಬ ಉತ್ತರ ಬಂದಾಗ ಮಾತ್ರ ಕಂಸ. ತಾಳಮದ್ದಳೆಯ ಅರ್ಥಧಾರಿಗೆ ಪದ್ಯದಲ್ಲಿಲ್ಲದ್ದನ್ನು ತನ್ನ ಪ್ರತಿಭೆಯಿಂದ ಬೆಳೆಸುವ ಸ್ವಾತಂತ್ರ್ಯವಿದೆ, ಅದೇ ಅವನ ಕಲೆ. ನಕ್ಷೆ ಬಿಡಿಸುವವರಿಗೆ ಆ ಸ್ವಾತಂತ್ರ್ಯವಿಲ್ಲ.

ಈ ಮೂರು ಪ್ರಶ್ನೆಗಳನ್ನು ಸಣ್ಣ ವಾಕ್ಯಗಳ ಮೇಲೆ ಪ್ರಯೋಗಿಸಿ ನೋಡಬಹುದು. 'ಅಂಕೋಲಾ ಗ್ರೋಸ್ ಮ್ಯಾಂಗೋಸ್. ಶಿರಸಿ, ಅರೆಕನಟ್' ಎಂಬಲ್ಲಿ ಎರಡನೆಯ ಭಾಗಕ್ಕೆ ಕ್ರಿಯಾಪದವಿಲ್ಲ, ಕ್ರಿಯಾಪದವಿಲ್ಲದೆ ಮೂಲಗೆರೆಯೇ ಇಲ್ಲ. ಬೇಕಾದ 'ಗ್ರೋಸ್' ಮೊದಲ ಭಾಗದಲ್ಲೇ ಇದೆ. ಸೇರಿಸಿ ಓದಿದರೆ ವಾಕ್ಯ ಸರಿಯಾಗಿದೆ. ಕಂಸ ಹಾಕಲು ಯಾವ ಅನುಮಾನವೂ ಬೇಡ. ಆದರೆ ಕಡಲತೀರದ ರಸ್ತೆಯ ಫಲಕದಲ್ಲಿರುವ 'ನೋ ಪಾರ್ಕಿಂಗ್' ಎಂಬುದನ್ನು ತೆಗೆದುಕೊಂಡರೆ ಕ್ರಿಯಾಪದದ ಜಾಗ ಖಾಲಿಯಿರುವುದು ನಿಜವಾದರೂ ಅಲ್ಲಿ ಬರಬೇಕಾದದ್ದು 'ಈಸ್ ಅಲೌಡ್' ಎಂದೋ 'ಈಸ್ ಪರ್ಮಿಟೆಡ್' ಎಂದೋ ಯಾವುದೂ ಹೇಳುವುದಿಲ್ಲ. ಇಲ್ಲಿ ಗುಣಾಕಾರದ ಗುರುತೇ ಪ್ರಾಮಾಣಿಕ ಉತ್ತರ. 'ವಾಟ್ ಇಫ್ ಇಟ್ ರೇನ್ಸ್?' ಎಂಬುದಕ್ಕೂ ಹಾಗೆಯೇ: 'ವಾಟ್' ಕರ್ತೃವಿನ ಜಾಗದಲ್ಲಿ, ಕ್ರಿಯಾಪದದ ಜಾಗದಲ್ಲಿ ಗುರುತು, 'ಇಫ್' ಉಪವಾಕ್ಯ ಕೆಳಗೆ. ಇನ್ನು 'ಗಾಡ್ ಬ್ಲೆಸ್ ಯು' ಎಂಬಲ್ಲಿ ಮೊದಲ ಪ್ರಶ್ನೆಯಲ್ಲೇ ನಿಲ್ಲಬೇಕು. ಕರ್ತೃ, ಕ್ರಿಯಾಪದ, ಕರ್ಮ ಮೂರೂ ಇರುವುದರಿಂದ 'ಮೇ' ತಂದು ಸೇರಿಸುವ ಅಗತ್ಯವಿಲ್ಲ. 'ಬ್ಲೆಸ್' ಎಂಬುದು ಹಾರೈಕೆಯ ಹಳೆಯ ಕ್ರಿಯಾರೂಪ, ಕೊನೆಯಲ್ಲಿ 'ಎಸ್' ಇಲ್ಲದಿರುವುದು ಅದರ ಲಕ್ಷಣವೇ ಹೊರತು ಕೊರತೆಯಲ್ಲ.

ಕರ್ತೃವಿನ ಜಾಗ ಖಾಲಿಯಿದ್ದಾಗ

ಕನ್ನಡದಲ್ಲಿ 'ಬಂದೆ' ಎಂದರೆ ನಾನು, 'ಬಂದಳು' ಎಂದರೆ ಅವಳು ಎಂಬುದನ್ನು ಕ್ರಿಯಾಪದದ ಪ್ರತ್ಯಯವೇ ಹೇಳಿಬಿಡುತ್ತದೆ, ಆದ್ದರಿಂದ ಕರ್ತೃವನ್ನು ಎಲ್ಲಿ ಬೇಕಾದರೂ ಬಿಡಬಹುದು. ಇಂಗ್ಲಿಷಿನ 'ಕೇಮ್' ಯಾರೆಂದು ಹೇಳುವುದಿಲ್ಲ, ಆದ್ದರಿಂದ ಅಲ್ಲಿ ಕರ್ತೃ ಬಿಟ್ಟುಹೋಗುವ ಸಂದರ್ಭಗಳು ಕೆಲವೇ. ಆಜ್ಞೆ ಮತ್ತು ವಿನಂತಿಗಳಲ್ಲಿ 'ಯು', 'ಥ್ಯಾಂಕ್ ಯು' ಎಂಬಲ್ಲಿ 'ಐ', ಪತ್ರದ ಮೊದಲ ಸಾಲಿನ 'ಹೋಪ್ ಯು ಆರ್ ವೆಲ್' ಎಂಬಲ್ಲಿ ಮತ್ತೆ 'ಐ'. ಇಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಬೇರೆಯೇ ಇದೆ: 'ಕಮ್ ಹಿಯರ್, ಗಣೇಶ' ಎಂಬ ವಾಕ್ಯದಲ್ಲಿ ಗಣೇಶನನ್ನೇ ಕರ್ತೃವಿನ ಜಾಗದಲ್ಲಿ ಕೂರಿಸುವುದು. ಗಣೇಶ ಸಂಬೋಧನೆ, ಅವನು ಪ್ರತ್ಯೇಕ ಗೆರೆಯಲ್ಲಿ ಮೇಲಿರಬೇಕು, ಕರ್ತೃವಿನ ಜಾಗದಲ್ಲಿ ಕಂಸದೊಳಗಿನ 'ಯು' ಇರಬೇಕು. 'ಲೆಟ್ಸ್ ಗೋ ಟು ಗೋಕರ್ಣ' ಎಂಬುದೂ ಆಜ್ಞೆಯ ಜಾತಿಗೇ ಸೇರಿದ್ದು: ಕಂಸದ 'ಯು' ಕರ್ತೃ, 'ಲೆಟ್' ಕ್ರಿಯಾಪದ, ಕರ್ಮದ ಜಾಗದಲ್ಲಿ ಒಂದು ಕಾಲುಮಣೆಯ (ಮೂಲಗೆರೆಯ ಮೇಲೆ ಕಂಬದಂತೆ ನಿಲ್ಲಿಸಿ, ಇಡೀ ಪದಗುಂಪನ್ನು ಎತ್ತಿ ಹಿಡಿಯುವ ಗೆರೆಯ) ಮೇಲೆ 'ಅಸ್' ಮತ್ತು 'ಟು' ಇಲ್ಲದ ಇನ್ಫಿನಿಟಿವ್ ಆದ 'ಗೋ'.

ಒಂದೇ ಸಾಲಿನಲ್ಲಿ ಎರಡು ಕ್ರಿಯಾಪದಗಳು, ನಡುವೆ ಕೊಂಡಿಯಿಲ್ಲ

ನಮ್ಮ ಕಡೆಯ ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವ ಜಾಗ ಇದು, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. 'ದಿ ಬೋಟ್ ಐ ಸಾ ಅಟ್ ಬೈತಖೋಲ್ ಬಿಲಾಂಗ್ಸ್ ಟು ಮೈ ಅಂಕಲ್' ಎಂಬ ವಾಕ್ಯದಲ್ಲಿ 'ಬೋಟ್' ಮತ್ತು 'ಐ' ಎರಡೂ ಕರ್ತೃವಿನಂತೆ ಕಾಣುತ್ತವೆ, 'ಸಾ' ಮತ್ತು 'ಬಿಲಾಂಗ್ಸ್' ಎರಡೂ ಕ್ರಿಯಾಪದಗಳು, ಇವುಗಳನ್ನು ಸೇರಿಸುವ ಪದ ಎಲ್ಲಿಯೂ ಇಲ್ಲ. ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲಿ ಏನೋ ಬಿಟ್ಟುಹೋಗಿದೆ ಎಂದು ಅನ್ನಿಸುವುದೇ ಇಲ್ಲ, ಏಕೆಂದರೆ 'ನಾನು ನೋಡಿದ ದೋಣಿ' ಎನ್ನುವಾಗ ನಮ್ಮ ಕೃದಂತ ಯಾವ ಕೊಂಡಿಯೂ ಇಲ್ಲದೆ ನೇರವಾಗಿ ನಾಮಪದಕ್ಕೆ ತಾಗುತ್ತದೆ. ಇಂಗ್ಲಿಷಿನ 'ಸಾ' ಕೃದಂತವಲ್ಲ, ಪೂರ್ಣಕ್ರಿಯೆ. ಅದಕ್ಕೆ ತನ್ನದೇ ಕರ್ಮ ಬೇಕು. 'ಐ ಸಾ' ಎಂದು ನಿಲ್ಲಿಸಿ ಏನನ್ನು ಎಂದು ಕೇಳಿದರೆ ಖಾಲಿ ಜಾಗ ಬಯಲಾಗುತ್ತದೆ. ಅಲ್ಲಿ ಬರಬೇಕಾದದ್ದು 'ದ್ಯಾಟ್'. ಅದನ್ನು ಉಪವಾಕ್ಯದ ಗೆರೆಯಲ್ಲಿ 'ಸಾ' ಪದದ ಮುಂದೆ ಕರ್ಮವಾಗಿ ಕಂಸದಲ್ಲಿ ಬರೆದು, ಅಲ್ಲಿಂದ ಮೇಲಿನ 'ಬೋಟ್' ಪದಕ್ಕೆ ಚುಕ್ಕಿಗೆರೆ ಎಳೆದರೆ ಮುಖ್ಯವಾಕ್ಯದಲ್ಲಿ 'ಬೋಟ್ ಬಿಲಾಂಗ್ಸ್' ಮಾತ್ರ ಶುದ್ಧವಾಗಿ ಉಳಿಯುತ್ತದೆ.

ಈ ತಪಾಸಣೆಯಿಂದ ಇನ್ನೊಂದು ಲಾಭವಿದೆ. ಶಿಷ್ಟ ಇಂಗ್ಲಿಷಿನಲ್ಲಿ ಹೀಗೆ ಬಿಡಬಹುದಾದ ರಿಲೇಟಿವ್ ಪ್ರೊನೌನ್ (ಮೇಲಿನ 'ದ್ಯಾಟ್' ಹಾಗೆ ಉಪವಾಕ್ಯವನ್ನು ನಾಮಪದಕ್ಕೆ ಕಟ್ಟುವ ಸರ್ವನಾಮ) ಉಪವಾಕ್ಯದ ಕರ್ಮವಾಗಿರಬೇಕು ಅಥವಾ ಪ್ರಿಪೊಸಿಷನ್ನಿನ ಕರ್ಮವಾಗಿರಬೇಕು. ಕರ್ತೃವಾಗಿದ್ದರೆ ಸಾಮಾನ್ಯವಾಗಿ ಬಿಡುವಂತಿಲ್ಲ. 'ಬಂದ ಮನುಷ್ಯ ನನ್ನ ಮಾವ' ಎಂಬ ಮಾದರಿಯಲ್ಲಿ 'ದಿ ಮ್ಯಾನ್ ಕೇಮ್ ಈಸ್ ಮೈ ಅಂಕಲ್' ಎಂದು ಬರೆದ ಉತ್ತರಪತ್ರಿಕೆಗಳನ್ನು ತಿದ್ದುವಾಗ ಕೆಂಪು ಗೆರೆ ಎಳೆದುಬಿಟ್ಟರೆ ವಿದ್ಯಾರ್ಥಿಗೆ ಕಾರಣ ತಿಳಿಯುವುದಿಲ್ಲ. ನಕ್ಷೆ ಬಿಡಿಸಿದರೆ ಉಪವಾಕ್ಯದ ಎಡತುದಿ ಖಾಲಿಯಿರುವುದು, ಹಿಂದಿನ ವಾಕ್ಯದಲ್ಲಾದರೋ ಬಲತುದಿ ಖಾಲಿಯಿದ್ದುದು, ಎರಡೂ ಕಣ್ಣಿಗೆ ಬೀಳುತ್ತವೆ. ಈ ಒಂದು ಪಾಠಕ್ಕಾಗಿಯಾದರೂ ಗೆರೆಗಳ ಪದ್ಧತಿಯನ್ನು ನಮ್ಮ ತರಗತಿಗಳಲ್ಲಿ ಉಳಿಸಿಕೊಳ್ಳಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

'ಐ ನೋ ಹಿ ಈಸ್ ಇನ್ ಶಿರಸಿ' ಎಂಬಲ್ಲಿ ಬಿಟ್ಟ 'ದ್ಯಾಟ್' ಬೇರೆ ಜಾತಿಯದು. ಅದು ಕರ್ಮವಲ್ಲ, ಬರೀ ಕೊಂಡಿ. 'ಹಿ ಈಸ್ ಇನ್ ಶಿರಸಿ' ಎಂಬ ಇಡೀ ಉಪವಾಕ್ಯ 'ನೋ' ಎಂಬುದರ ಕರ್ಮವಾಗಿ ಕಾಲುಮಣೆಯ ಮೇಲೆ ನಿಲ್ಲುತ್ತದೆ; ಕೊಂಡಿಯನ್ನು ಅದರ ಮೇಲಿನ ಸಣ್ಣ ಗೆರೆಯಲ್ಲಿ ಕಂಸದಲ್ಲಿ ಬರೆಯಬೇಕು. ಎರಡು ಬಗೆಯ 'ದ್ಯಾಟ್' ಒಂದೇ ವಾಕ್ಯದಲ್ಲಿ ಬಿಟ್ಟುಹೋದಾಗ ಈ ಭೇದವೇ ಕಾಪಾಡುತ್ತದೆ.

ಒಂದು ನಾಮಪದ ಉಳಿದುಹೋಗಿದೆ

'ಹಿ ವಾಕ್ಡ್ ಸಿಕ್ಸ್ ಮೈಲ್ಸ್' ಎಂಬಲ್ಲಿ 'ಮೈಲ್ಸ್' ಕರ್ಮದಂತೆ ಕಾಣುತ್ತದೆ, ಆದರೆ ಏನನ್ನು ನಡೆದನು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ; ಎಷ್ಟು ದೂರ ಎಂಬುದಕ್ಕೆ ಉತ್ತರ. ದೂರ, ಕಾಲ, ತೂಕ, ಬೆಲೆಗಳನ್ನು ಹೇಳುವ ಇಂಥ ನಾಮಪದ ಕ್ರಿಯಾವಿಶೇಷಣದ ಕೆಲಸ ಮಾಡುತ್ತದೆ. ಅದನ್ನು ಪ್ರಿಪೊಸಿಷನ್ನಿನ ಕರ್ಮದಂತೆ ಕ್ರಿಯಾಪದದ ಕೆಳಗೆ ಅಡ್ಡಗೆರೆಯಲ್ಲಿ ಬರೆದು, ಓರೆಗೆರೆಯನ್ನು ಖಾಲಿ ಬಿಡಬೇಕು. 'ಶಿ ಗೇವ್ ಮಿ ಎ ಮ್ಯಾಂಗೋ' ಎಂಬಲ್ಲಿನ 'ಮಿ' ಎಂಬುದಕ್ಕೂ ಇದೇ ಜಾಗ, ಇದೇ ಖಾಲಿ ಓರೆಗೆರೆ. 'ದಿಸ್ ಬ್ಯಾಗ್ ಈಸ್ ವರ್ತ್ ಟೆನ್ ರುಪೀಸ್' ಎಂಬಲ್ಲಿ 'ವರ್ತ್' ವಿಶೇಷಣವಾಗಿ ಹಿಂದಕ್ಕೆ ಬಾಗಿದ ಗೆರೆಯ ಮುಂದೆ ಕೂರುತ್ತದೆ, 'ರುಪೀಸ್' ಅದರ ಕೆಳಗೆ ಬರುತ್ತದೆ. 'ಇಟ್ ಈಸ್ ನೋ ಯೂಸ್ ವೇಟಿಂಗ್' ಎಂಬಲ್ಲಿಯೂ 'ಯೂಸ್' ಉಳಿದುಹೋಗುತ್ತದೆ, ಏಕೆಂದರೆ ಕಾಯುವುದೇ ಉಪಯೋಗವಲ್ಲ. 'ಆಫ್ ನೋ ಯೂಸ್' ಎಂಬುದರ 'ಆಫ್' ಮರೆಯಾಗಿದೆ. 'ವೇಟಿಂಗ್' ನಿಜವಾದ ಕರ್ತೃ, 'ಇಟ್' ಮೇಲಿನ ಪ್ರತ್ಯೇಕ ಗೆರೆಗೆ.

'ದ್ಯಾನ್' ಮತ್ತು 'ಆ್ಯಸ್'

ಹೋಲಿಕೆಯ ವಾಕ್ಯಗಳಲ್ಲಿ ಬಿಟ್ಟ ಪದಗಳೇ ಅರ್ಥವನ್ನು ನಿರ್ಣಯಿಸುತ್ತವೆ. 'ಸೀತಾ ಟ್ರಸ್ಟ್ಸ್ ರಾಧಾ ಮೋರ್ ದ್ಯಾನ್ ಐ' ಎಂದಾಗ ಬಿಟ್ಟದ್ದು 'ಟ್ರಸ್ಟ್ ರಾಧಾ': ನಾನು ರಾಧೆಯನ್ನು ನಂಬುವುದಕ್ಕಿಂತ ಸೀತೆ ಹೆಚ್ಚು ನಂಬುತ್ತಾಳೆ. 'ದ್ಯಾನ್ ಮಿ' ಎಂದಾಗ, ಶಿಷ್ಟ ಬರವಣಿಗೆಯಲ್ಲಿ, ಬಿಟ್ಟದ್ದು 'ಶಿ ಟ್ರಸ್ಟ್ಸ್': ಸೀತೆ ನನ್ನನ್ನು ನಂಬುವುದಕ್ಕಿಂತ ರಾಧೆಯನ್ನು ಹೆಚ್ಚು ನಂಬುತ್ತಾಳೆ. ಮೊದಲನೆಯದರಲ್ಲಿ 'ಐ' ಉಪವಾಕ್ಯದ ಕರ್ತೃ, ಎರಡನೆಯದರಲ್ಲಿ 'ಮಿ' ಉಪವಾಕ್ಯದ ಕರ್ಮ. ಗೆರೆಯ ಎರಡು ತುದಿಗಳಲ್ಲಿ ಯಾವುದು ತುಂಬಿದೆ ಎಂಬುದರ ಮೇಲೆ ಉಳಿದದ್ದು ತಾನಾಗಿ ತುಂಬಿಕೊಳ್ಳುತ್ತದೆ. 'ದ್ಯಾನ್ ಗೌರಿ' ಎಂದು ಬರೆದಿದ್ದರೆ ನಾಮಪದದ ರೂಪ ಬದಲಾಗುವುದಿಲ್ಲವಾದ್ದರಿಂದ ಎರಡೂ ಅರ್ಥ ಸಾಧ್ಯ, ಆಗ ಎರಡು ನಕ್ಷೆಗಳನ್ನು ಬಿಡಿಸಿ ಸಂದರ್ಭ ಯಾವುದನ್ನು ಒಪ್ಪುತ್ತದೆ ಎಂದು ನೋಡದೆ ಗತಿಯಿಲ್ಲ. ಪರೀಕ್ಷೆಯಲ್ಲಿ ಒಂದೇ ನಕ್ಷೆ ಬಿಡಿಸಿದವರಿಗಿಂತ ಎರಡನ್ನೂ ಬಿಡಿಸಿದವರಿಗೆ ಹೆಚ್ಚು ಅಂಕ ಸಲ್ಲಬೇಕು.

ಇಲ್ಲಿ ಚುಕ್ಕಿಗೆರೆ ಎಲ್ಲಿಗೆ ತಾಗಬೇಕು ಎಂಬುದೂ ಮುಖ್ಯ. 'ಹಿ ಈಸ್ ಟಾಲರ್ ದ್ಯಾನ್ ಐ' ಎಂಬಲ್ಲಿ 'ದ್ಯಾನ್' ಉಪವಾಕ್ಯ ಕ್ರಿಯಾಪದವಾದ 'ಈಸ್' ಪದವನ್ನು ವರ್ಣಿಸುತ್ತಿಲ್ಲ, 'ಟಾಲರ್' ಪದದ ಪ್ರಮಾಣವನ್ನು ಹೇಳುತ್ತಿದೆ. ಗೆರೆ ಅಲ್ಲಿಗೇ ಹೋಗಬೇಕು. 'ಆ್ಯಸ್ ಟಾಲ್ ಆ್ಯಸ್' ಎಂಬ ಜೋಡಿಯಲ್ಲಿ ಮೊದಲ 'ಆ್ಯಸ್' ಕ್ರಿಯಾವಿಶೇಷಣವಾಗಿ 'ಟಾಲ್' ಕೆಳಗೆ ನೇತಾಡುತ್ತದೆ, ಎರಡನೆಯದು ಕೊಂಡಿ. ಆಡುಮಾತಿನ 'ಟಾಲರ್ ದ್ಯಾನ್ ಮಿ' ಎಂಬುದನ್ನು ತಪ್ಪೆಂದು ಹೊಡೆದುಹಾಕುವ ಹಳೆಯ ಶಿಸ್ತನ್ನು ನಾನು ಬೆಂಬಲಿಸುವುದಿಲ್ಲ. ಇಂದು 'ದ್ಯಾನ್' ಪ್ರಿಪೊಸಿಷನ್ ಆಗಿಯೂ ನಡೆಯುತ್ತದೆ, ಹಾಗೆ ಓದಿದರೆ ಓರೆಗೆರೆಯ ಮೇಲೆ 'ದ್ಯಾನ್', ಅಡ್ಡಗೆರೆಯ ಮೇಲೆ 'ಮಿ', ತುಂಬಬೇಕಾದದ್ದು ಏನೂ ಇಲ್ಲ. ಸರ್ವನಾಮದ ರೂಪವನ್ನು ನೋಡಿ ಎರಡರಲ್ಲಿ ಒಂದು ನಕ್ಷೆಯನ್ನು ಆರಿಸಬೇಕು. ಎರಡನ್ನೂ ಬೆರೆಸಿ 'ದ್ಯಾನ್ ಮಿ ಆ್ಯಮ್' ಎಂದು ಕಂಸ ತುಂಬಬಾರದು.

ಕೆಲವೊಮ್ಮೆ ಕಂಸ ತುಂಬಿದ ಮೇಲೆ ದೋಷ ವಾಕ್ಯದಲ್ಲೇ ಇರುವುದು ಗೊತ್ತಾಗುತ್ತದೆ. 'ದಿ ರೇನ್‌ಫಾಲ್ ಆಫ್ ಕಾರವಾರ ಈಸ್ ಹೆವಿಯರ್ ದ್ಯಾನ್ ಧಾರವಾಡ' ಎಂಬುದನ್ನು ಪೂರ್ತಿ ಮಾಡಿದರೆ 'ಧಾರವಾಡ ಈಸ್ ಹೆವಿ' ಎಂದಾಗುತ್ತದೆ: ಮಳೆಯನ್ನು ಊರಿಗೆ ಹೋಲಿಸಿದಂತಾಯಿತು. 'ಕಾರವಾರದ ಮಳೆ ಧಾರವಾಡಕ್ಕಿಂತ ಹೆಚ್ಚು' ಎಂದು ಕನ್ನಡದಲ್ಲಿ ಹೇಳಿದರೆ ಯಾರೂ ಆಕ್ಷೇಪಿಸುವುದಿಲ್ಲ, ಆದರೆ ಇಂಗ್ಲಿಷಿನ ಶಿಷ್ಟ ಬರವಣಿಗೆ 'ದ್ಯಾನ್ ದ್ಯಾಟ್ ಆಫ್ ಧಾರವಾಡ' ಎಂದು ಕೇಳುತ್ತದೆ. 'ವೈಲ್ ಕ್ರಾಸಿಂಗ್ ದಿ ಕಾಳಿ ಬ್ರಿಡ್ಜ್, ದಿ ಸನ್ ವೆಂಟ್ ಡೌನ್' ಎಂಬುದೂ ಇಂಥದ್ದೇ. 'ವೈಲ್' ನಂತರ ಬಿಟ್ಟ ಕರ್ತೃವನ್ನು ಮುಖ್ಯವಾಕ್ಯದ ಕರ್ತೃವೇ ಕೊಡಬೇಕೆಂಬುದು ನಿಯಮ. ಕೊಟ್ಟರೆ ಸೂರ್ಯನೇ ಕಾಳಿ ಸೇತುವೆ ದಾಟುತ್ತಾನೆ. ಇಂಥಲ್ಲಿ ನಕ್ಷೆಯನ್ನು ತಿದ್ದಲು ಹೋಗದೆ ವಾಕ್ಯವನ್ನು ತಿದ್ದಬೇಕು: 'ವೈಲ್ ವಿ ವರ್ ಕ್ರಾಸಿಂಗ್' ಎಂದು ಕರ್ತೃವನ್ನು ಬಾಯಿಬಿಟ್ಟು ಹೇಳಬೇಕು.

ಒಡೆಯಬಾರದ ಪದಗುಂಪು

ಇನ್ನೊಂದು ಕಡೆಯ ದೋಷಕ್ಕೆ ಬರೋಣ. 'ಹಿ ರ‍್ಯಾನ್ ಅಪ್ ದಿ ಹಿಲ್' ಮತ್ತು 'ಹಿ ರ‍್ಯಾನ್ ಅಪ್ ಎ ಬಿಲ್' ಎಂಬ ಎರಡು ವಾಕ್ಯಗಳು ನೋಡಲು ಒಂದೇ ಅಚ್ಚಿನಲ್ಲಿವೆ. ಮೊದಲನೆಯದರಲ್ಲಿ ಅವನು ಗುಡ್ಡ ಹತ್ತಿ ಓಡಿದ. ಎರಡನೆಯದರಲ್ಲಿ ಅಂಗಡಿಯಲ್ಲಿ ಸಾಲದ ಲೆಕ್ಕ ಬೆಳೆಸಿದ. ಭೇದ ತಿಳಿಯಲು ಅರ್ಥವನ್ನು ಮಾತ್ರ ನೆಚ್ಚಬಾರದು, ಪದಗಳನ್ನು ಅಲುಗಾಡಿಸಿ ನೋಡಬೇಕು. 'ಅಪ್' ಪದವನ್ನು ಕೊನೆಗೆ ಸರಿಸಿದರೆ 'ರ‍್ಯಾನ್ ಎ ಬಿಲ್ ಅಪ್' ಸರಿಯಾಗಿಯೇ ಉಳಿಯುತ್ತದೆ, 'ರ‍್ಯಾನ್ ದಿ ಹಿಲ್ ಅಪ್' ಕೆಡುತ್ತದೆ. 'ಅಪ್ ದಿ ಹಿಲ್' ಎಂಬುದನ್ನು ವಾಕ್ಯದ ಮೊದಲಿಗೆ ತರಬಹುದು, 'ಅಪ್ ಎ ಬಿಲ್' ತರಲಾಗದು. ನಡುವೆ 'ಕ್ವಿಕ್ಲಿ' ತೂರಿಸಿದರೆ ಗುಡ್ಡದ ವಾಕ್ಯ ಒಪ್ಪುತ್ತದೆ, ಬಿಲ್ಲಿನದು ಒಪ್ಪುವುದಿಲ್ಲ. ಆದ್ದರಿಂದ ಗುಡ್ಡದ 'ಅಪ್' ಪ್ರಿಪೊಸಿಷನ್, ಓರೆಗೆರೆಗೆ. ಬಿಲ್ಲಿನ 'ಅಪ್' ಕ್ರಿಯಾಪದದ ಪಾಲು. ಅದನ್ನು ಕ್ರಿಯಾಪದದ ಕೆಳಗೆ ಕ್ರಿಯಾವಿಶೇಷಣವಾಗಿ ನೇತುಹಾಕುವವರೂ ಇದ್ದಾರೆ, ಕ್ರಿಯಾಪದದ ಪಕ್ಕದಲ್ಲೇ ಮೂಲಗೆರೆಯ ಮೇಲೆ ಬರೆಯುವವರೂ ಇದ್ದಾರೆ. ಅರ್ಥ ಒಡೆಯದಂತೆ ಕಾಣುವ ಎರಡನೆಯ ಕ್ರಮವೇ ಮೇಲೆಂದು ನನಗೆ ತೋರುತ್ತದೆ, ಮೊದಲನೆಯದನ್ನು ತಪ್ಪೆನ್ನಲಾಗದು.

'ಲುಕ್ ಆಫ್ಟರ್' ಎಂಬುದು ಈ ಪರೀಕ್ಷೆಗಳಿಗೆ ಪೂರ್ತಿ ಒಗ್ಗುವುದಿಲ್ಲ: 'ಆಫ್ಟರ್' ಕೊನೆಗೆ ಸರಿಯುವುದಿಲ್ಲ. ಆಗ ಕರ್ಮಣಿ ಪ್ರಯೋಗವನ್ನು ಕೇಳಬೇಕು. 'ದಿ ಚೈಲ್ಡ್ ವಾಸ್ ಲುಕ್ಡ್ ಆಫ್ಟರ್ ಬೈ ಹರ್ ಗ್ರ್ಯಾಂಡ್‌ಮದರ್' ಎಂಬುದು ಸಹಜವಾಗಿ ಬರುವುದರಿಂದ ಎರಡೂ ಪದಗಳನ್ನು ಒಂದೇ ಕ್ರಿಯೆಯಾಗಿ ಗೆರೆಯ ಮೇಲೆ ಇಡಬಹುದು. 'ಪುಟ್ ಅಪ್ ವಿತ್' ಎಂಬ ಮೂರು ಪದಗಳ ಕಟ್ಟಿಗೂ ಇದೇ ನ್ಯಾಯ.

ನುಡಿಗಟ್ಟೆಂದ ಮಾತ್ರಕ್ಕೆ ಎಲ್ಲವನ್ನೂ ಹೀಗೆ ಅಂಟಿಸಬೇಕೆಂದು ತಿಳಿಯಬಾರದು. 'ಹಿ ಕಿಕ್ಡ್ ದಿ ಬಕೆಟ್' ಎಂದರೆ ಅವನು ಸತ್ತ ಎಂದರ್ಥ; ಆದರೂ 'ಬಕೆಟ್' ಕರ್ಮವಾಗಿಯೇ ಕೂರುತ್ತದೆ, 'ದಿ' ಅದರ ಕೆಳಗೇ ಬರುತ್ತದೆ. ನಕ್ಷೆ ತೋರಿಸುವುದು ಪದಗಳ ಸಂಬಂಧವನ್ನು, ಸಾವನ್ನಾಗಲಿ ಬಾಲ್ದಿಯನ್ನಾಗಲಿ ಅಲ್ಲ. ಇದನ್ನು ದೋಷವೆಂದು ತಿಳಿದು ಗಂಟೆಗಟ್ಟಲೆ ಒದ್ದಾಡುವುದು ವ್ಯರ್ಥ.

ನಿಜವಾಗಿ ಕಷ್ಟ ಕೊಡುವ ನುಡಿಗಟ್ಟುಗಳು ಹಳೆಯ ವ್ಯಾಕರಣವನ್ನು ಒಳಗಿಟ್ಟುಕೊಂಡವು. 'ದಿ ಸೂನರ್, ದಿ ಬೆಟರ್' ಎಂಬಲ್ಲಿ ಕರ್ತೃವಿಲ್ಲ, ಕ್ರಿಯಾಪದವಿಲ್ಲ, ಎರಡು ಆರ್ಟಿಕಲ್‌ಗಳಿವೆ, ಅವುಗಳಿಗೆ ನಾಮಪದವೇ ಇಲ್ಲ. ಬಾಗಿಲು ತೆರೆಯುವುದು ಇಲ್ಲಿಯೇ: ನಾಮಪದವಿಲ್ಲದ ಆ 'ದಿ' ಆರ್ಟಿಕಲ್ಲೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ನಿರ್ದೇಶಕ ಸರ್ವನಾಮಕ್ಕೆ ಇದ್ದ ತೃತೀಯಾ ವಿಭಕ್ತಿಯಂಥ ಒಂದು ರೂಪದ ಉಳಿಕೆ ಅದು, 'ಅಷ್ಟರ ಮಟ್ಟಿಗೆ' ಎಂಬ ಅರ್ಥದ ಕ್ರಿಯಾವಿಶೇಷಣ. ನಮ್ಮ 'ಎಷ್ಟು ಬೇಗವೋ ಅಷ್ಟು ಒಳ್ಳೆಯದು' ಎಂಬುದರ 'ಎಷ್ಟು', 'ಅಷ್ಟು'ಗಳ ಜಾಗದಲ್ಲಿ ಎರಡು 'ದಿ'ಗಳು ನಿಂತಿವೆ. ಎರಡನೆಯ ಭಾಗ ಮುಖ್ಯವಾಕ್ಯ, ಮೊದಲನೆಯದು ಅದರ ಪ್ರಮಾಣವನ್ನು ಹೇಳುವ ಉಪವಾಕ್ಯ. ಪ್ರತಿ 'ದಿ' ತನ್ನ ತರತಮ ಪದದ ಕೆಳಗೆ ನೇತಾಡಬೇಕು. ಕರ್ತೃ ಮತ್ತು ಕ್ರಿಯಾಪದಗಳನ್ನು ಹಿಂದಿನ ವಾಕ್ಯ ಕೊಡದಿದ್ದರೆ ಗುಣಾಕಾರದ ಗುರುತುಗಳನ್ನೇ ಇಡಬೇಕು, 'ಇಟ್ ಈಸ್' ಎಂದು ಆತುರಪಟ್ಟು ಬರೆಯಬಾರದು.

'ಯು ಹ್ಯಾಡ್ ಬೆಟರ್ ಗೋ' ಎಂಬಲ್ಲಿ 'ಹ್ಯಾಡ್' ಭೂತಕಾಲವನ್ನು ಹೇಳುತ್ತಿಲ್ಲ, 'ಬೆಟರ್' ಯಾವುದನ್ನೂ ಹೋಲಿಸುತ್ತಿಲ್ಲ. ಮಾತಿನಲ್ಲಿ ಇದು 'ಯೂಡ್ ಬೆಟರ್' ಎಂದು ಮೊಟಕಾದಾಗ 'ವುಡ್ ಬೆಟರ್' ಎಂದು ಬಿಡಿಸಿಕೊಳ್ಳುವುದು ತಪ್ಪು, ಏಕೆಂದರೆ ಕೊನೆಗೆ ಬರುವ ಮರುಪ್ರಶ್ನೆ 'ಹ್ಯಾಡಂಟ್ ಯು?' ಎಂದೇ ಇರುತ್ತದೆ. 'ಹ್ಯಾಡ್ ಬೆಟರ್' ಎಂಬುದನ್ನು ಸಹಾಯಕ ಕ್ರಿಯಾಪದದಂತೆ 'ಗೋ' ಜೊತೆಗೆ ಒಟ್ಟಿಗೆ ಬರೆಯುವುದೇ ಇಂದಿನ ಬಳಕೆಗೆ ಹೊಂದುತ್ತದೆ.

ಒಂದು ವಾಕ್ಯ, ಪೂರ್ತಿಯಾಗಿ

ಮೇಲಿನದನ್ನೆಲ್ಲ ಒಟ್ಟಿಗೆ ಪರೀಕ್ಷಿಸಲು ಈ ವಾಕ್ಯವನ್ನು ತೆಗೆದುಕೊಳ್ಳಬಹುದು: 'ಹ್ಯಾಡ್ ಐ ನೋನ್ ದಿ ಬಸ್ ಯು ಟುಕ್ ವಾಸ್ ಆ್ಯಸ್ ಲೇಟ್ ಆ್ಯಸ್ ಮೈನ್, ಐ ವುಡ್ ಹ್ಯಾವ್ ವೇಟೆಡ್ ಆ್ಯನ್ ಅವರ್ ಲಾಂಗರ್.' ನಿಮ್ಮ ಬಸ್ಸೂ ನನ್ನದರಷ್ಟೇ ತಡವೆಂದು ಗೊತ್ತಿದ್ದರೆ ಕುಮಟಾ ನಿಲ್ದಾಣದಲ್ಲಿ ಇನ್ನೊಂದು ಗಂಟೆ ಕಾಯುತ್ತಿದ್ದೆ ಎಂದು ಯಾರಾದರೂ ಹೇಳಬಹುದಾದ ಮಾತು. ಮೊದಲು ಕ್ರಮವನ್ನು ನೇರ ಮಾಡಬೇಕು: 'ಹ್ಯಾಡ್' ಮುಂದೆ ಬಂದಿರುವುದೇ 'ಇಫ್' ಬಿಟ್ಟುಹೋದ ಗುರುತು. ಮುಖ್ಯವಾಕ್ಯ 'ಐ ವುಡ್ ಹ್ಯಾವ್ ವೇಟೆಡ್'. ಅದರ ಕೆಳಗೆ 'ಐ ಹ್ಯಾಡ್ ನೋನ್' ಎಂಬ ಗೆರೆ, ಎರಡು ಕ್ರಿಯಾಪದಗಳ ನಡುವಿನ ಚುಕ್ಕಿಗೆರೆಯ ಮೇಲೆ ಕಂಸದ 'ಇಫ್'. ಏನನ್ನು ತಿಳಿದಿದ್ದರೆ ಎಂದು ಕೇಳಿದಾಗ ಬರುವ 'ಬಸ್ ವಾಸ್ ಲೇಟ್' ಎಂಬ ಉಪವಾಕ್ಯ ಕರ್ಮದ ಜಾಗದಲ್ಲಿ ಕಾಲುಮಣೆಯ ಮೇಲೆ ನಿಲ್ಲುತ್ತದೆ; ಅದರ ಕೊಂಡಿಯಾದ 'ದ್ಯಾಟ್' ಕಂಸದಲ್ಲಿ ಮೇಲಕ್ಕೆ. 'ಯು ಟುಕ್' ಎಂಬುದಕ್ಕೆ ಕರ್ಮವಿಲ್ಲ. ಅಲ್ಲಿ ಎರಡನೆಯ 'ದ್ಯಾಟ್', ಅದು ಕೊಂಡಿಯೂ ಹೌದು ಕರ್ಮವೂ ಹೌದು, ಅದರಿಂದ 'ಬಸ್' ಪದಕ್ಕೆ ಚುಕ್ಕಿಗೆರೆ. ಮೊದಲ 'ಆ್ಯಸ್' ಪದ 'ಲೇಟ್' ಕೆಳಗೆ. ಎರಡನೆಯ 'ಆ್ಯಸ್' ಕೊಂಡಿಯಾಗಿ 'ಮೈನ್' ಎಂಬ ಕರ್ತೃವನ್ನು ತರುತ್ತದೆ, ಅದರ ಮುಂದೆ ವಾಕ್ಯವೇ ಕೊಟ್ಟ 'ವಾಸ್ ಲೇಟ್' ಕಂಸದಲ್ಲಿ. 'ಲಾಂಗರ್' ಮುಖ್ಯ ಕ್ರಿಯಾಪದದ ಕೆಳಗೆ, ಅದರ ಕೆಳಗೆ ಖಾಲಿ ಓರೆಗೆರೆ, ಆ ಓರೆಗೆ ಹೊಂದಿದ ಅಡ್ಡಗೆರೆಯಲ್ಲಿ 'ಅವರ್', ಅದಕ್ಕೆ ನೇತಾಡುವ 'ಆ್ಯನ್'. 'ಲಾಂಗರ್' ತರತಮ ರೂಪವಾದ್ದರಿಂದ 'ದ್ಯಾನ್ ಐ ಡಿಡ್' ಎಂದು ಇನ್ನೊಂದು ಉಪವಾಕ್ಯ ಸೇರಿಸಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅರ್ಥದಲ್ಲಿ ಅದು ಇದೆ ಎನ್ನಬಹುದು, ಆದರೆ ಗೆರೆಯ ಮೇಲೆ ಅದಕ್ಕಾಗಿ ಕಾದಿರುವ ಖಾಲಿ ಜಾಗ ಯಾವುದೂ ಇಲ್ಲ. ಮೊದಲ ಪ್ರಶ್ನೆಗೇ ಇಲ್ಲ ಎಂಬ ಉತ್ತರ ಬಂದಿರುವುದರಿಂದ ಅದನ್ನು ಸೇರಿಸದೆ ನಕ್ಷೆಯನ್ನು ಅಲ್ಲಿಗೆ ಮುಗಿಸಬೇಕು.